ಸ್ವೀಡನ್ ಶಿವಣ್ಣನ ಬೂಟಿಗೆ ಪೂಜೆಯಾದ ವರ್ಷ

ಮೊನ್ನೆ ಆಯುಧಪೂಜೆಯ ದಿನ ಪೀಣ್ಯದಲ್ಲಿ ಮೆಟ್ರೋ ಇಳಿದೆ. ನಿಲ್ದಾಣದ ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಆ ವಾಸನೆ ಮೂಗಿಗೆ ಹೊಡೆಯಿತು. ರಸ್ತೆಯಲ್ಲಿ ಒಡೆದ ಬೂದುಗುಂಬಳದ ಹಸಿ ವಾಸನೆ, ಕರ್ಪೂರ, ಚೆಂಡುಹೂವು, ಇವೆಲ್ಲದರ ಕೆಳಗೆ ಪೀಣ್ಯ ಎಷ್ಟು ತೊಳೆದರೂ ಹೋಗದ ಯಂತ್ರದೆಣ್ಣೆ. ಬೇರೆಯವರಿಗೆ ಇದು ಹಬ್ಬದ ವಾಸನೆ. ನನಗೆ ಇದು ಹೋಗಬೇಕಾಗಿದ್ದ ಕೆಲಸ ಉಳಿದ ವಾಸನೆ, ಎದೆಯ ಮೇಲಿನ ಕಲ್ಲು ಇಳಿದ ವಾಸನೆ. ದಾರಿಗೆ ಅಡ್ಡ ನಿಂತುಬಿಟ್ಟಿದ್ದೆನೆಂದು ಕಾಣುತ್ತದೆ, ಹಿಂದಿನಿಂದ ಯಾರೋ "ಸ್ವಲ್ಪ ಜಾಗ ಬಿಡಿ ಸಾರ್" ಅಂದರು.

ಆ ಕೆಲಸದ ಕಾಲದಲ್ಲಿ ನಾನು ಇಲ್ಲಿನ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಲೋಹ ಕಡೆಯುವ ಲೇತ್ ಮೇಲೆ ಕೆಲಸಕ್ಕಿದ್ದೆ. ಹಾಗಂತ ನನ್ನ ಲೇತಿನ ಕೈಚಳಕ ನೋಡಿ ಯಾರೂ ಬೆಳಗಾವಿಯಿಂದ ಕರೆಸಿಕೊಂಡಿರಲಿಲ್ಲ. ಕಾರ್ಖಾನೆಗೊಂದು ಫುಟ್‌ಬಾಲ್ ತಂಡವಿತ್ತು, ತಂಡಕ್ಕೆ ಗೋಲ್‌ಕೀಪರ್ ಬೇಕಾಗಿತ್ತು, ನಾನು ಸಿಕ್ಕಿದೆ. ನನ್ನಂತೆಯೇ ಆಟಕ್ಕೆಂದು ಬಂದ ಇನ್ನೂ ಕೆಲವರಿದ್ದೆವು, ಎಲ್ಲರೂ ಗುತ್ತಿಗೆಯ ಮೇಲೆ. ತಂಡ ಇದ್ದರೆ ನಾವು, ತಂಡ ಇಲ್ಲವಾದರೆ ಗಂಟುಮೂಟೆ ಕಟ್ಟಿ ಊರಿನ ಬಸ್ಸು.

ತಂಡ ಎಂದರೆ ಶಿವಣ್ಣ. ನಾಗಸಂದ್ರದ ಮೂಲ ಒಕ್ಕಲಿನ ಮನೆಯವರು. ಅವರ ತಂದೆಯ ಕಾಲದಲ್ಲಿ ರಾಗಿ ಹೊಲವಿದ್ದ ಕಡೆ ಈಗ ಸಾಲು ಬಾಡಿಗೆ ಕೋಣೆಗಳು, ಅದರಲ್ಲಿ ಒಂದು ನನ್ನದು. ಶಿವಣ್ಣ ಕಾರ್ಖಾನೆಯ ಬೆಂಕಿ ಆರಿಸುವ ವಿಭಾಗದಲ್ಲಿದ್ದರು. ಕೆಂಪು ಬಕೆಟ್ಟುಗಳಿಗೆ ಮರಳು ತುಂಬಿಸುವುದು, ಸಿಲಿಂಡರುಗಳ ಒತ್ತಡ ನೋಡುವುದು, ಪೈಪು ಬಿಚ್ಚಿ ಸುತ್ತಿಡುವುದು. ನಾನಿದ್ದಷ್ಟು ಕಾಲ ಅಲ್ಲಿ ಒಂದು ಬೀಡಿಯಷ್ಟು ಬೆಂಕಿಯನ್ನೂ ಕಾಣಲಿಲ್ಲ. ಹಾಗಾಗಿ ಅವರಿಗೆ ಅಭ್ಯಾಸ ಮಾಡಲು ಸಮಯವೂ ಇತ್ತು, ಬಾಗಿಲಿನಷ್ಟು ಅಗಲದ ಮೈಯೂ ಇತ್ತು.

ಬತ್ತಿದ ಕೆರೆಯಂಗಳದಲ್ಲಿ ಬರಿಗಾಲಲ್ಲಿ ಆಡಿ ಬೆಳೆದವರು ಕಾರ್ಖಾನೆಗೆ ಸೇರಿದ ಮೇಲೆ ಗೋಲು ಹೊಡೆಯುವುದನ್ನೇ ಕಸುಬು ಮಾಡಿಕೊಂಡರು. ಎಡಗಾಲು, ಬಲಗಾಲು, ತಲೆ, ಮೊಣಕಾಲು. ಒಮ್ಮೆ ರೆಫರಿ ಜೊತೆ ಜಗಳವಾಡುತ್ತ ನಿಂತಿದ್ದಾಗ ಬೆನ್ನಿಗೆ ಬಡಿದ ಚೆಂಡೂ ಒಳಗೆ ಹೋಯಿತಂತೆ. ಗೋವಾದ ಒಂದು ಕ್ಲಬ್ಬು ಸಂಬಳ ಕೊಟ್ಟು ಕರೆದಿತ್ತು. ಹೋದ ಹಾಗೆಯೇ ವಾಪಸ್ಸು ಬಂದರು. ಅಲ್ಲಿ ಮುದ್ದೆ ಸಿಗಲಿಲ್ಲ ಎಂಬುದು ಅವರು ಎಲ್ಲರಿಗೂ ಹೇಳುತ್ತಿದ್ದ ಕಾರಣ. ಮನೆಯಲ್ಲಿ ಆಗಷ್ಟೇ ಮಗಳು ಹುಟ್ಟಿದ್ದಳು ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಗೋಲ್‌ಕೀಪರನ ಪಾಡು ಏನೆಂದರೆ, ಮದುವೆ ಮನೆಯ ಹೊರಗೆ ಚಪ್ಪಲಿ ಕಾಯಲು ನಿಂತವನ ಪಾಡು. ಸಂಭ್ರಮವೆಲ್ಲ ಆ ಕಡೆ. ಶಿವಣ್ಣನ ಎಷ್ಟೋ ಗೋಲುಗಳನ್ನು ನಾನು ನೋಡಿದ್ದು ಅವರ ಬೆನ್ನಿನ ಮೂಲಕವೇ. ಆ ಅಗಲ ಬೆನ್ನು ಸ್ವಲ್ಪ ಬಗ್ಗುತ್ತಿತ್ತು, ಆ ಕಡೆಯವರ ಗೋಲ್‌ಕೀಪರ್ ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಿದ್ದ, ಆಗ ನನಗೆ ಗೋಲಾಯಿತೆಂದು ತಿಳಿಯುತ್ತಿತ್ತು.

ಕಾರ್ಖಾನೆಯ ಉಳಿದವರಿಗೆ ತಿಳಿಯುತ್ತಿದ್ದದ್ದು ಸೋಮವಾರ ಬೆಳಿಗ್ಗೆ, ಕ್ಯಾಂಟೀನಿನಲ್ಲಿ. ಅಡುಗೆಯ ಲಕ್ಷ್ಮಮ್ಮನವರು ಒಂದು ಪದ್ಧತಿ ಇಟ್ಟುಕೊಂಡಿದ್ದರು. ಭಾನುವಾರದ ಪಂದ್ಯದಲ್ಲಿ ಶಿವಣ್ಣ ಗೋಲು ಹೊಡೆದಿದ್ದರೆ ಸೋಮವಾರ ಕೇಸರಿಬಾತ್, ಹೊಡೆಯದಿದ್ದರೆ ಉಪ್ಪಿಟ್ಟು. ಅದೇ ರವೆ, ಅದೇ ಬಾಣಲೆ. ಫುಟ್‌ಬಾಲ್ ಎಂದರೆ ಏನೆಂದೇ ತಿಳಿಯದ ಎಷ್ಟೋ ಜನ ತಟ್ಟೆಯ ಬಣ್ಣ ನೋಡಿ ಶಿವಣ್ಣನ ಅಭಿಮಾನಿಗಳಾಗಿದ್ದರು. ಉಪ್ಪಿಟ್ಟು ಬಂದ ಸೋಮವಾರಗಳು ಅಪರೂಪವಾಗಿದ್ದವು.

ನಾನು ಹೇಳಬೇಕೆಂದಿರುವ ವರ್ಷದ ಬೇಸಿಗೆಯಲ್ಲಿ ಸ್ವೀಡನ್ನಿನಿಂದ ಒಂದು ಪರೀಕ್ಷಾ ಯಂತ್ರ ಬಂತು, ಅದನ್ನು ಕೂರಿಸಲು ಅಲ್ಲಿನದೇ ಒಬ್ಬ ಇಂಜಿನಿಯರ್ ಬಂದ. ಸಂಜೆ ಹೊತ್ತು ನಮ್ಮ ಅಭ್ಯಾಸ ನೋಡಲು ಮೈದಾನದ ಕಲ್ಲಿನ ಮೇಲೆ ಕೂರುತ್ತಿದ್ದ. ಒಂದು ದಿನ ಶಿವಣ್ಣನ ಕೆಲಸ ಏನೆಂದು ಕೇಳಿ ತಿಳಿದುಕೊಂಡವನು ಎದ್ದೇ ನಿಂತುಬಿಟ್ಟ. ಅವನ ಅಜ್ಜನ ಕಾಲದಲ್ಲಿ, ಎರಡನೇ ಮಹಾಯುದ್ಧ ಮುಗಿದ ಆಸುಪಾಸಿನಲ್ಲಿ, ಅವರ ದೇಶದಲ್ಲೊಬ್ಬ ಆಟಗಾರನಿದ್ದನಂತೆ. ಕೆಲಸ ಬೆಂಕಿ ಆರಿಸುವುದು, ಮೈಕಟ್ಟು ಇದೇ ರೀತಿ, ಕಾಲಿಗೆ ಚೆಂಡು ಸಿಕ್ಕರೆ ಗೋಲು ಗ್ಯಾರಂಟಿ. ಇಟಲಿಯವರು ಸಂಬಳ ಕೊಟ್ಟು ಕರೆದುಕೊಂಡು ಹೋದರು, ಅಲ್ಲಿ ವರ್ಷಗಟ್ಟಲೆ ಗೋಲಿನ ಮಳೆ ಸುರಿಸಿದ. ಆದರೆ ಆಟಕ್ಕೆ ಸಂಬಳ ತೆಗೆದುಕೊಂಡವರನ್ನು ಆ ಕಾಲದಲ್ಲಿ ಅವರ ದೇಶದ ತಂಡಕ್ಕೆ ಸೇರಿಸುತ್ತಿರಲಿಲ್ಲ. ಅಷ್ಟು ದೊಡ್ಡ ಆಟಗಾರನಾದರೂ ಅವನನ್ನು ಹೊರಗಿಟ್ಟೇ ಆಡಿದರಂತೆ.

ಇದನ್ನೆಲ್ಲ ನಮ್ಮ ಸೂಪರ್‌ವೈಸರ್ ಕನ್ನಡದಲ್ಲಿ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು. ಅಂದಿನಿಂದಲೇ ಅವರು ಸ್ವೀಡನ್ ಶಿವಣ್ಣ. ಶಿವಣ್ಣ ಮಾತ್ರ ಬೂಟಿನ ಕೆಸರು ಕೆರೆಯುತ್ತ ಒಂದೇ ಒಂದು ಪ್ರಶ್ನೆ ಕೇಳಿದರು.

"ಗೋಲ್ ಒಡೆಯೋದು ನಿಂತೋದ್ ಮ್ಯಾಕೆ ಅವ್ರು ಏನ್ ಮಾಡಿದ್ರಂತೆ? ಅದೊಂಚೂರು ಕೇಳಿ ಸಾರ್."

ಇಂಜಿನಿಯರ್ ಭುಜ ಕುಣಿಸಿದ. ಕೋಚ್ ಆಗಿದ್ದನೆಂದು ಅಜ್ಜ ಹೇಳಿದ ನೆನಪು, ಅದರಾಚೆ ತನಗೆ ಗೊತ್ತಿಲ್ಲ ಅಂದ. ನಾಲ್ಕಾರು ದಿನಕ್ಕೆ ಯಂತ್ರ ಕೂರಿಸಿ ಹೊರಟೂ ಹೋದ.

ಅವನು ವಿಮಾನ ಹತ್ತಿದ್ದೇ ತಡ, ಶಿವಣ್ಣನ ಗೋಲು ನಿಂತುಹೋಯಿತು. ಜೂನ್‌ನಲ್ಲಿ ಮಳೆಯ ಜೊತೆಗೇ ಕಾರ್ಖಾನೆಗಳ ಲೀಗ್ ಶುರುವಾಯಿತು. ಮೊದಲ ಪಂದ್ಯದಲ್ಲಿ ಅವರು ಹೊಡೆದ ಚೆಂಡು ಕಂಬಕ್ಕೆ ಬಡಿಯಿತು, ಎರಡನೆಯದರಲ್ಲಿ ಕೆಸರಲ್ಲಿ ಹೂತು ನಿಂತಿತು. ಮೂರನೆಯದರ ಹೊತ್ತಿಗೆ ಶಿವಣ್ಣನಿಗೇ ತಮ್ಮ ಕಾಲಿನ ಮೇಲೆ ಅನುಮಾನ ಬಂದಿತ್ತು. ಮೊದಲೆಲ್ಲ ಹಿಂದುಮುಂದು ನೋಡದೆ ಒದೆಯುತ್ತಿದ್ದವರು ಈಗ ಒದೆಯುವ ಮೊದಲು ಒಂದು ಗಳಿಗೆ ಯೋಚಿಸುತ್ತಿದ್ದರು. ಆ ಒಂದು ಗಳಿಗೆಯಲ್ಲಿ ಎದುರಾಳಿಯ ಕಾಲು ಬಂದು ಚೆಂಡು ಕಿತ್ತುಕೊಳ್ಳುತ್ತಿತ್ತು. ಆ ಬೆನ್ನು ಬಗ್ಗುವುದನ್ನೇ ಕಾಯುತ್ತ ನಾನು ಮಳೆಯಲ್ಲಿ ನೆನೆದು ತೊಪ್ಪೆಯಾಗುತ್ತಿದ್ದೆ.

ಕ್ಯಾಂಟೀನಿನಲ್ಲಿ ಸೋಮವಾರಕ್ಕೊಂದು ಉಪ್ಪಿಟ್ಟು. ಮೊದಮೊದಲು ಜನ ತಮಾಷೆ ಮಾಡುತ್ತಿದ್ದರು.

"ಏನ್ ಗುರು, ಸ್ವೀಡನ್‌ನಲ್ಲಿ ಸಕ್ಕರೆ ಖಾಲಿ ಆಯ್ತಾ?"

ಆಗಸ್ಟ್ ಬರುವ ಹೊತ್ತಿಗೆ ಯಾರೂ ತಮಾಷೆ ಮಾಡುತ್ತಿರಲಿಲ್ಲ. ಶಿವಣ್ಣ ತಟ್ಟೆ ಹಿಡಿದು ಬಂದರೆ ಬೇರೆ ಕಡೆ ನೋಡುತ್ತಿದ್ದರು. ಬೈಗುಳವಾದರೂ ಪರವಾಗಿಲ್ಲ, ಈ ಕನಿಕರ ಸಹಿಸಲಾಗದು. ಅವರು ಸೋಮವಾರ ಮನೆಯಿಂದಲೇ ಬುತ್ತಿ ತರಲು ಶುರುಮಾಡಿದರು.

ಅದೇ ತಿಂಗಳಲ್ಲಿ ಹೊಸ ಜನರಲ್ ಮ್ಯಾನೇಜರ್ ನಮ್ಮನ್ನೆಲ್ಲ ಕರೆದು ಕೂರಿಸಿ ಮಾತಾಡಿದರು. ಕೆಟ್ಟವರೇನಲ್ಲ, ಕಾಫಿ ತರಿಸಿ ಕೊಟ್ಟೇ ಹೇಳಿದರು. "ನೋಡಿ ಶಿವಣ್ಣ, ಓಪನ್ನಾಗಿ ಹೇಳ್ಬಿಡ್ತೀನಿ. ಟೀಮ್ ಯಾಕೆ ಬೇಕು ಅಂತ ಮೇಲಿನವ್ರು ಪ್ರತಿ ಮೀಟಿಂಗಲ್ಲೂ ಕೇಳ್ತಾರೆ. ಈ ಸಲ ಕೆಳಗಿನ ಡಿವಿಷನ್‌ಗೆ ಬಿದ್ರೆ ನಂಗೆ ಉತ್ತರ ಕೊಡೋಕಾಗಲ್ಲ. ಕ್ಲೋಸ್ ಮಾಡ್ಬೇಕಾಗತ್ತೆ." ಕ್ಲೋಸ್ ಎಂದರೆ ನಾವು, ಗುತ್ತಿಗೆಯವರು. ಬೆಳಗಾವಿಯಲ್ಲಿ ತಂಗಿಯ ನರ್ಸಿಂಗ್ ಓದು ಅರ್ಧದಲ್ಲಿತ್ತು, ಅದು ನನ್ನ ಲೇತಿನ ಮೇಲೆ ನಿಂತಿತ್ತು, ಲೇತು ತಂಡದ ಮೇಲೆ, ತಂಡ ಶಿವಣ್ಣನ ಕಾಲಿನ ಮೇಲೆ.

ಆ ಸಂಜೆ ಕೋಣೆಗೆ ಬಂದಾಗ ಶಿವಣ್ಣ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು.

"ಬಾ ಬಸು, ಕೂತ್ಕೊ. ಅಲ್ಲ ಕಣೋ, ನನ್ ಕೆಲ್ಸ ಪರ್ಮನೆಂಟು. ಮನೆ ಐತೆ, ಬಾಡ್ಗೆ ಬತ್ತದೆ. ಗೋಲ್ ಒಡೀದೆ ಇರೋನು ನಾನು, ಮನೆಗೋಗೋರು ನೀವು. ಇದೆಂಗೆ ನ್ಯಾಯ ಏಳು?"

"ಹಂಗ್ಯಾಕ ಅಂತೀರಿ ಅಣ್ಣಾರ. ಇನ್ನೂ ಮ್ಯಾಚ್ ಅದಾವ್ರಿ."

"ಅದೇ ಭಯ ಕಣೋ, ಇನ್ನೂ ಅವೆ. ನಿದ್ದೇಲೂ ಗೋಲ್ ಕಂಬಾನೇ ಬತ್ತದೆ."

ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದು ನಾನೆಂದೂ ಕೇಳಿರಲಿಲ್ಲ. ಸಮಾಧಾನ ಹೇಳೋಣವೆಂದರೆ, ಸಮಾಧಾನ ಬೇಕಾಗಿದ್ದದ್ದು ನನಗೂ ಹೌದು. ಎಣ್ಣೆಯ ಬಟ್ಟಲು ತೆಗೆದುಕೊಂಡು ಅವರ ಇನ್ನೊಂದು ಮೊಣಕಾಲಿಗೆ ನಾನೇ ತಿಕ್ಕತೊಡಗಿದೆ.

ಬೆಂಕಿ ವಿಭಾಗದ ಹಿರಿಯ ರಂಗಪ್ಪನವರು ಅಷ್ಟರಲ್ಲಿ ರೋಗಕ್ಕೆ ಕಾರಣ ಕಂಡುಹಿಡಿದಿದ್ದರು. ಎಲ್ಲ ಆ ಸ್ವೀಡನ್ನಿನವನ ಕಣ್ಣು. "ಬಿಳೀ ಕಣ್ಣು, ಬೆಕ್ಕಿನ್ ಕಣ್ಣಿದ್ದಂಗೆ ಇತ್ತು ಕಣಪ್ಪ. ಕಣ್ಣು ಪಿಳುಕಿಸ್ದಂಗೆ ನೋಡ್ದ. ಅದೇ ತಾಗೈತೆ" ಎಂದು ಸಿಕ್ಕವರಿಗೆಲ್ಲ ಹೇಳಿದರು. ಪಾಪ, ಆ ಇಂಜಿನಿಯರ್ ಹೊಗಳಿದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ಆದರೆ ಕಾರ್ಖಾನೆಯಲ್ಲಿ ಈ ಮಾತನ್ನು ನಂಬದವರು ಯಾರೂ ಕಾಣಲಿಲ್ಲ. ಹೊಸ ಯಂತ್ರ ಕೆಟ್ಟು ನಿಂತಾಗ ಅದಕ್ಕೂ ನಿಂಬೆಹಣ್ಣು ಕಟ್ಟಿದ್ದರು.

ಸೆಪ್ಟೆಂಬರ್ ಕಳೆದು ದಸರೆ ಬಂತು. ನಾವು ಪಟ್ಟಿಯಲ್ಲಿ ಕೆಳಗಿನಿಂದ ಎಣಿಸಿದರೆ ಬೇಗ ಸಿಗುತ್ತಿದ್ದೆವು. ಒಂದೇ ಪಂದ್ಯ ಬಾಕಿ. ಗೆದ್ದರೆ ಉಳಿಯುತ್ತೇವೆ, ಗೆಲ್ಲದಿದ್ದರೆ ಇಲ್ಲ. ಆ ಪಂದ್ಯದ ದಿನ ಮೈದಾನ ಕೆರೆಯಾಗಿ ಆಟ ಮುಂದಕ್ಕೆ ಹೋಯಿತು. ಯಾವಾಗ ಎಂದು ಯಾರೂ ಹೇಳಲಿಲ್ಲ. ಹಬ್ಬ ಮುಗಿದ ಮೇಲಿರಬಹುದು ಎಂದುಕೊಂಡು ಆಯುಧಪೂಜೆಗೆ ಸಿದ್ಧರಾದೆವು.

ಪೂಜೆಯ ಬೆಳಿಗ್ಗೆ ಕಾರ್ಖಾನೆ ಮದುಮಗಳಂತೆ ಕೂತಿತ್ತು. ನನ್ನ ಲೇತನ್ನು ತೊಳೆದು ಒರೆಸಿ ವಿಭೂತಿ ಎಳೆದು, ಬಾಳೆಕಂದು ಕಟ್ಟಿ, ಹಾರ ಹಾಕಿ, ಮೇನ್ ಸ್ವಿಚ್ ಆರಿಸಿದೆ. ಮಂಗಳಾರತಿ ಆದ ಮೇಲೆ ಯಾವ ಯಂತ್ರವನ್ನೂ ಯಾರೂ ಮುಟ್ಟುವುದಿಲ್ಲ. ಮಾರನೆಯ ದಿನ ಪೂಜೆ ಕದಲಿಸುವವರೆಗೆ ಅವಕ್ಕೆ ವಿಶ್ರಾಂತಿ. ವರ್ಷವೆಲ್ಲ ಟಾರ್ಗೆಟ್ ಟಾರ್ಗೆಟ್ ಎಂದು ಬಾಯಿ ಬಡಿದುಕೊಳ್ಳುವ ಮ್ಯಾನೇಜರುಗಳೂ ಆ ಒಂದು ದಿನ ಬಾಯಿ ಮುಚ್ಚಿಕೊಂಡು ಕಡಲೆಪುರಿ ತಿನ್ನುತ್ತಾರೆ.

ನಾವೂ ಕಡಲೆಪುರಿ ತಿನ್ನುತ್ತಿರುವಾಗ ಇಮ್ರಾನ್ ಓಡಿಬಂದ. ಅವನು ನಮ್ಮ ತಂಡದ ಎಡಬದಿಯ ಆಟಗಾರ, ನನ್ನಂತೆ ಗುತ್ತಿಗೆಯವನು.

"ಮಚ್ಚಾ, ಮ್ಯಾಚ್ ಇವತ್ತೇ ಅಂತೆ! ನಾಲ್ಕು ಗಂಟೆಗೆ. ಎರಡೂ ಫ್ಯಾಕ್ಟರಿಗೂ ಮಧ್ಯಾಹ್ನದಿಂದ ರಜಾ ಇದೆಯಲ್ಲ, ಒಪ್ಕೊಂಡ್ಬಿಟ್ಟಿದ್ದಾರೆ."

ಶಿವಣ್ಣ ಕೈ ಕೊಡವಿ ಎದ್ದು ಲಾಕರ್ ತೆಗೆದರು. ಬೂಟು ಇರಲಿಲ್ಲ.

ಹುಡುಕಿದ್ದಕ್ಕೆ ಸಿಕ್ಕಿತು, ಬೆಂಕಿ ವಿಭಾಗದ ಪೂಜೆಯ ಮೇಜಿನ ಮೇಲೆ. ಕೊಡಲಿ, ಪೈಪಿನ ಮೂತಿ, ಕೆಂಪು ಸಿಲಿಂಡರುಗಳ ನಡುವೆ ಶಿವಣ್ಣನ ಬೂಟುಗಳು. ಪಾಲಿಶ್ ಮಾಡಿ, ವಿಭೂತಿ ಎಳೆದು, ಮುಂಭಾಗಕ್ಕೆ ಕುಂಕುಮದ ಬೊಟ್ಟಿಟ್ಟು, ಮಲ್ಲಿಗೆ ಸುತ್ತಿ, ಒಂದೊಂದರೊಳಗೆ ಒಂದೊಂದು ನಿಂಬೆಹಣ್ಣು. ಪಕ್ಕದಲ್ಲಿ ರಂಗಪ್ಪ ಕೈಮುಗಿದು ನಿಂತಿದ್ದರು. ಪಂದ್ಯದ ಸುದ್ದಿ ಕೇಳಿದ್ದೇ ಅವರ ಮುಖ ಬಿಳಿಚಿಕೊಂಡಿತು.

"ಅಯ್ಯೋ ಶಿವಣ್ಣ, ದೃಷ್ಟಿ ಓಗ್ಲಿ ಅಂತ ಇಟ್ನಪ್ಪ. ಮ್ಯಾಚ್ ಇವತ್ತೇ ಅಂತ ಕನಸ್ ಕಂಡಿದ್ನಾ? ಆರತೀನೂ ಆಗೋಯ್ತಲ್ಲಪ್ಪ!"

ಶಿವಣ್ಣ ಬೂಟುಗಳನ್ನು ನೋಡುತ್ತ ನಿಂತರು. ನನಗೆ ತಡೆಯಲಾಗಲಿಲ್ಲ. "ಅಣ್ಣಾರ, ತಗೋರಿ. ದೇವ್ರು ಏನೂ ಅನ್ನಂಗಿಲ್ರಿ. ನಮ್ಮ ಹೊಟ್ಟಿ ಪ್ರಶ್ನೆ ಐತ್ರಿ ಇದು" ಅಂದೆ. ದನಿ ಸ್ವಲ್ಪ ಏರಿಯೇ ಇತ್ತು.

"ನೀನು ಓಗಿ ನಿನ್ ಲೇತ್ ಆನ್ ಮಾಡ್ತೀಯೇನೋ ಈಗ?"

ಹೂವಿನ ಹಾರ ಹೊತ್ತು ಕಣ್ಣು ಮುಚ್ಚಿದಂತೆ ಕೂತಿದ್ದ ನನ್ನ ಲೇತು ಕಣ್ಣ ಮುಂದೆ ಬಂತು. ಜನರಲ್ ಮ್ಯಾನೇಜರ್ ಬಂದು ಕೆಲಸ ಕಿತ್ತುಹಾಕುತ್ತೇನೆ ಅಂದರೂ ಆ ಸ್ವಿಚ್ಚಿಗೆ ನಾನು ಕೈ ಹಾಕುತ್ತಿರಲಿಲ್ಲ. ಬೂಟಿನತ್ತ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

"ಅಷ್ಟೇಯ. ರಂಗಪ್ಪಣ್ಣ ಆಸೆ ಪಟ್ಟು ಇಟ್ಟವ್ರೆ, ಅಲ್ಲೇ ಇರ್ಲಿ ಬಿಡು. ನಿಂದೊಂದು ಅಳೇ ಜೊತೆ ಐತಲ್ಲ, ಕೊಡು."

ನನ್ನ ಹಳೆಯ ಬೂಟು ಅವರ ಕಾಲಿಗೆ ಸಡಿಲ. ಮೈ ನನಗಿಂತ ಎರಡರಷ್ಟಿದ್ದರೂ ಪಾದ ಸಣ್ಣದು ಎಂಬುದು ಅಂದೇ ಗೊತ್ತಾದದ್ದು. ಯಂತ್ರ ಒರೆಸುವ ಕಾಟನ್ ವೇಸ್ಟನ್ನು ಮುಷ್ಟಿಗಟ್ಟಲೆ ತುರುಕಿ, ಲೇಸನ್ನು ಕೆಳಗಿನಿಂದ ಎರಡು ಸುತ್ತು ಬಿಗಿದು, ಶಿವಣ್ಣ ಆಟದ ಮೈದಾನಕ್ಕೆ ನಡೆದರು. ನಡೆದರೆ ಚಪ್ ಚಪ್ ಎಂದು ಸದ್ದಾಗುತ್ತಿತ್ತು. ಊರಿಗೆ ಹೋಗುವ ಬಸ್ಸಿನ ಸೀಟನ್ನು ನಾನು ಆಗಲೇ ಮನಸ್ಸಿನಲ್ಲಿ ಆರಿಸಿಕೊಂಡಿದ್ದೆ.

ಕುಂಕುಮ ಹಚ್ಚಿದ ಹಣೆಗಳು, ಜೇಬು ತುಂಬ ಕಡಲೆಪುರಿ, ಇಡೀ ಕಾರ್ಖಾನೆ ಅಂಚಿನಲ್ಲಿ ಬಂದು ನಿಂತಿತ್ತು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಶಿವಣ್ಣನಿಗೆ ಗೋಲಿನ ಮುಂದೆ ಚೆಂಡು ಸಿಕ್ಕಿತು, ಎದುರಿಗೆ ಯಾರೂ ಇಲ್ಲ. ಬೆನ್ನು ಬಗ್ಗಿತು. ಜೋರಾಗಿ ಒದ್ದರು. ಚೆಂಡು ಪಕ್ಕಕ್ಕೆ ಉರುಳಿತು, ಬೂಟು ಕಾಲು ಬಿಟ್ಟು ಹಾರಿ ಗೋಲಿನ ಮೇಲಿಂದ ಆಚೆ ಹೋಯಿತು. ದಾರಿಯುದ್ದಕ್ಕೂ ಕಾಟನ್ ವೇಸ್ಟ್ ಉದುರಿತು.

ಯಾರೋ ಕಿಸಕ್ಕೆಂದರು, ಇಡೀ ಮೈದಾನ ನಗತೊಡಗಿತು. ಒಂಟಿ ಕಾಲಲ್ಲಿ ಕುಂಟುತ್ತ ನಿಂತಿದ್ದ ಶಿವಣ್ಣನೂ ನಕ್ಕರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಜೂನ್‌ನಿಂದ ಅವರ ನಗು ಕೇಳಿದ್ದು ಅದೇ ಮೊದಲು. ಅಷ್ಟು ದೂರದಿಂದ ನನಗೆ ಕಂಡದ್ದು ಕುಲುಕುತ್ತಿದ್ದ ಬೆನ್ನು ಮಾತ್ರ.

ಬೂಟು ಹಾಕಿಕೊಂಡು ಬಂದವರು ಬೇರೆಯೇ ಮನುಷ್ಯ. ಈ ಬೂಟಿನಲ್ಲಿ ಗೋಲು ಹೊಡೆಯಲಾಗುವುದಿಲ್ಲ ಎಂಬುದು ಅವರಿಗೂ ಗೊತ್ತು, ನಮಗೂ ಗೊತ್ತು. ಗೊತ್ತಿಲ್ಲದಿದ್ದವರು ಎದುರಾಳಿಗಳು. ವರ್ಷಗಳಿಂದ ಅವರ ಕೈಲಿ ಪೆಟ್ಟು ತಿಂದವರು, ಬೂಟು ಹಾರಿದ್ದನ್ನು ಕಣ್ಣಾರೆ ನೋಡಿದ ಮೇಲೂ ಶಿವಣ್ಣ ಎಲ್ಲಿ ಹೋದರೆ ಅಲ್ಲಿಗೆ ಇಬ್ಬಿಬ್ಬರು ಅಂಟಿಕೊಂಡರು. ಶಿವಣ್ಣ ಅವರನ್ನು ದನ ಮೇಯಿಸಿಕೊಂಡು ಹೋದಂತೆ ಬಲ ಮೂಲೆಗೆ ಕರೆದುಕೊಂಡು ಹೋದರು. ದ್ವಿತೀಯಾರ್ಧದಲ್ಲಿ ಅಲ್ಲಿಂದ ಪಾದದ ಒಳಬದಿಯಿಂದ ಚೆಂಡನ್ನು ಮೆಲ್ಲಗೆ ನಡುವಿಗೆ ತಳ್ಳಿದರು. ಅಲ್ಲಿ ಇಮ್ರಾನ್ ಒಬ್ಬನೇ ನಿಂತಿದ್ದ. ಆ ಕಡೆಯವರ ಗೋಲ್‌ಕೀಪರ್ ತಲೆ ಮೇಲೆ ಕೈ ಹೊತ್ತುಕೊಂಡ.

ಆಮೇಲಿನ ಹೊತ್ತು ನನಗೆ ಬೇಡವಾಗಿತ್ತು. ಅವರು ನಮ್ಮ ಮೇಲೆ ಮುಗಿಬಿದ್ದರು. ಕೊನೆಗೊಂದು ಕಾರ್ನರ್ ಸಿಕ್ಕಿತು ಅವರಿಗೆ, ಎಲ್ಲರೂ ನನ್ನ ಮುಂದೆ ಬಂದು ಗುಂಪುಗೂಡಿದರು. ಗುಂಪಿನಿಂದ ಶಿವಣ್ಣ ನನ್ನ ಕಡೆಗೆ ತಿರುಗಿದರು. ಗೋಲ್ ಕಂಬದ ಹತ್ತಿರ ಅವರು ಬಂದದ್ದೇ ನಾನು ಕಂಡಿರಲಿಲ್ಲ. ಬೆವರು, ಕೆಸರು, ಬೆಳಗಿನ ಕುಂಕುಮ ಕರಗಿ ಮೂಗಿನವರೆಗೂ ಇಳಿದಿತ್ತು. ಆಟದ ನಡುವೆ ಅವರ ಮುಖ ನೋಡಿದ್ದು ನಾನು ಅದೇ ಮೊದಲು.

"ಎದ್ರಬ್ಯಾಡ ಕಣೋ ಬಸು. ನಾನಿವ್ನಿ."

ಚೆಂಡು ಬಂತು. ನಾನು ನೆಗೆದೆ, ನನಗೆ ಸಿಗಲಿಲ್ಲ. ಶಿವಣ್ಣನ ಹಣೆಗೆ ಸಿಕ್ಕಿತು. ಎಷ್ಟೋ ಗೋಲು ಹೊಡೆದ ಆ ತಲೆ ಆ ಚೆಂಡನ್ನು ಕಾಂಪೌಂಡಿನ ಆಚೆ, ರಸ್ತೆಗೆ ಕಳಿಸಿತು. ರೆಫರಿ ಕೊನೆಯ ಸೀಟಿ ಊದಿದರು. ನಾನು ಅಲ್ಲೇ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಶಿವಣ್ಣ ನನ್ನ ಪಕ್ಕ ಬಂದು ಕೂತು ಬೂಟು ಬಿಚ್ಚಿ, ಒದ್ದೆ ಕಾಟನ್ ವೇಸ್ಟನ್ನು ಒಂದೊಂದೇ ಎಳೆದು ಹುಲ್ಲಿನ ಮೇಲೆ ಹಾಕಿದರು.

"ಅಬ್ಬಾ" ಅಂದರು. "ನಾನ್ ಒಡೀದಿದ್ರೂ ಗೆಲ್ತೀವಲ್ಲೋ. ಇದ್ನ ಮೊದ್ಲೇ ಯಾರಾದ್ರೂ ಏಳ್ಬಾರದಿತ್ತಾ?"

ರಜೆ ಕಳೆದು ಕಾರ್ಖಾನೆ ತೆರೆದ ಬೆಳಿಗ್ಗೆ ಶಿವಣ್ಣ ಬುತ್ತಿ ತರಲಿಲ್ಲ, ಕ್ಯಾಂಟೀನಿನ ಸಾಲಿನಲ್ಲಿ ನಿಂತರು. ಲಕ್ಷ್ಮಮ್ಮನವರು ಅವರ ತಟ್ಟೆಗೆ ಒಂದು ಸೌಟು ಉಪ್ಪಿಟ್ಟು ಹಾಕಿದರು, ಪಕ್ಕದಲ್ಲೇ ಒಂದು ಸೌಟು ಕೇಸರಿಬಾತ್.

"ಇದೇನಕ್ಕ, ಚೌಚೌ?"

"ಇನ್ನೇನ್ ಮಾಡ್ಲಪ್ಪ? ಗೋಲಾಯ್ತು ಅಂತಾರೆ, ನೀನ್ ಒಡೀಲಿಲ್ಲ ಅಂತಾರೆ. ರಾತ್ರಿಯೆಲ್ಲ ಯೋಚ್ನೆ ಮಾಡಿ ಎರಡೂ ಮಾಡ್ಬಿಟ್ಟೆ. ತಿನ್ನು ಸುಮ್ನೆ."

ಅಂದಿನಿಂದ ಸೋಮವಾರ ಎಂದರೆ ಚೌಚೌಬಾತ್, ಗೋಲು ಯಾರೇ ಹೊಡೆಯಲಿ. ತಂಡ ಉಳಿಯಿತು, ಗುತ್ತಿಗೆ ಮುಂದುವರಿಯಿತು, ನನ್ನ ತಂಗಿ ಈಗ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಶಿವಣ್ಣ ಆಮೇಲೂ ಕೆಲವು ವರ್ಷ ಆಡಿದರು, ಹಿಂದಿನ ಸಾಲಿನಲ್ಲಿ, ನನ್ನ ಮುಂದೆಯೇ ನಿಂತು, ನನ್ನ ಹಳೆಯ ಬೂಟಿನಲ್ಲೇ. ಆಗಾಗ ತಿರುಗಿ ನನ್ನನ್ನು ಬೈಯುತ್ತಿದ್ದರು. ಒಂದು ಗೋಲೂ ಹೊಡೆಯಲಿಲ್ಲ. ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ ಎನ್ನುತ್ತಿದ್ದರು.

ನಾನು ಕೆಲಸ ಬದಲಿಸಿ ದಾಬಸ್‌ಪೇಟೆಯ ಕಡೆ ಹೋಗಿ ಎಷ್ಟೋ ಕಾಲವಾಯಿತು. ಮೊನ್ನೆ ಮೆಟ್ರೋ ಇಳಿದು ನೆಟ್ಟಗೆ ಹಳೆಯ ಕಾರ್ಖಾನೆಗೇ ಹೋದೆ. ಗೇಟಿನವನು ಹಬ್ಬದ ದಿನವೆಂದು ಏನೂ ಕೇಳದೆ ಒಳಗೆ ಬಿಟ್ಟ. ರಂಗಪ್ಪ ನಿವೃತ್ತರಾಗಿದ್ದಾರೆ. ಬೆಂಕಿ ವಿಭಾಗದ ಮೇಜಿನ ಮುಂದೆ ಶಿವಣ್ಣ ಒಬ್ಬರೇ ಕೂತಿದ್ದರು, ತಲೆ ಪೂರ್ತಿ ನರೆತಿತ್ತು. ಕೊಡಲಿ, ಪೈಪಿನ ಮೂತಿ, ಕೆಂಪು ಸಿಲಿಂಡರು, ನಡುವೆ ಅದೇ ಬೂಟುಗಳು. ಅಂದು ಪೂಜೆಗೆ ಕೂತವನ್ನು ಅವರು ಮತ್ತೆ ಕಾಲಿಗೆ ಹಾಕಲೇ ಇಲ್ಲ. ಒಂದರ ಮೂತಿಗೆ ಕುಂಕುಮ ಇಡುತ್ತಿದ್ದವರು ತಲೆಯೆತ್ತಿ ನನ್ನನ್ನು ನೋಡಿದರು. ಒಂದು ಕ್ಷಣ ಅವರ ಮುಖದಲ್ಲಿ ಗಾಬರಿ.

"ಏನೋ ಬಸು, ಇಂಗ್ ಬಂದ್ಬಿಟ್ಟೆ? ಇವತ್ ಮ್ಯಾಚಿಲ್ಲ ತಾನೆ?"

"ಇಲ್ರಿ ಅಣ್ಣಾರ."

"ಅಬ್ಬಾ" ಎಂದು ನಕ್ಕು ಇನ್ನೊಂದು ಬೂಟನ್ನು ನನ್ನ ಕಡೆ ಸರಿಸಿದರು. "ಅಂಗಾದ್ರೆ ಬಾ, ಇದಕ್ ನೀನಿಡು."